ಮಳೆಗಾಲದಲ್ಲೂ ನಿಲ್ಲದ ಹಾಳೆ ತಟ್ಟೆ ಘಟಕ: ನನ್ನ ಅನುಭವ

ಜೂನ್ ಬಂತೆಂದರೆ ಅಡಿಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ಘಟಕಕ್ಕೆ ಬೀಗ ಹಾಕಿ ಕೆಲಸದವರನ್ನು ಗದ್ದೆ ನಾಟಿಗೆ ಬಿಟ್ಟುಕೊಡಬೇಕು ಎಂಬುದು ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಈ ಉದ್ಯಮಕ್ಕೆ ಇಳಿದವರೆಲ್ಲ ಒಪ್ಪಿಕೊಂಡಿದ್ದ ಮಾತು. ಈಗ ಕೆಲವು ವರ್ಷಗಳಿಂದ ನನ್ನ ಘಟಕ ಆಷಾಢದ ಜಡಿಮಳೆಯಲ್ಲೂ ನಡೆಯುತ್ತಿದೆ. ಆಗದ ಕೆಲಸವೆಂದು ನಕ್ಕವರೇ ಬಂದು ವಿಚಾರಿಸುತ್ತಿರುವುದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಯಂತ್ರ, ಅಚ್ಚು, ತ್ರೀ ಫೇಸ್ ಸಂಪರ್ಕ, ಶೆಡ್ಡು ಎಲ್ಲ ಸೇರಿ ಹತ್ತಿರ ಹತ್ತಿರ 12 ಲಕ್ಷ ಬಿದ್ದಿತ್ತು. ಕಿರು ಉದ್ಯಮದ ಸಾಲಕ್ಕೆ ಕೇಂದ್ರ ಸರ್ಕಾರ ಕೊಡುವ ಪಿಎಂಇಜಿಪಿ ಸಹಾಯಧನ ಸಿಕ್ಕಿತೆಂದು ಊರವರು ಆಡಿಕೊಂಡರೂ, ಆ ಹಣ ಮೂರು ವರ್ಷ ಬ್ಯಾಂಕಿನ ಠೇವಣಿಯಲ್ಲೇ ಇರುತ್ತದೆ ಎಂಬುದು ಕಂತು ಕಟ್ಟುವವನಿಗೆ ಮಾತ್ರ ಗೊತ್ತು. ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಕಂತು ಹೊಂದಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಮಳೆಗಾಲವನ್ನು ಗೆಲ್ಲುವುದೊಂದೇ ನನಗಿದ್ದ ದಾರಿ.

ಮೊದಲ ಮಳೆಗಾಲದಲ್ಲಿ ಬೆಂಗಳೂರಿನ ಅಡುಗೆ ಗುತ್ತಿಗೆದಾರರೊಬ್ಬರಿಗೆ ಕಳುಹಿಸಿದ ಸುಮಾರು ಎಂಟು ಸಾವಿರ ತಟ್ಟೆ ಅಂಚಿನಲ್ಲೆಲ್ಲ ಹಸಿರು ಬೂಷ್ಟು ಹಿಡಿದು ವಾಪಸು ಬಂತು; ಹೋದ ಬಾಡಿಗೆಯ ಜೊತೆಗೆ ಬಂದ ಬಾಡಿಗೆಯೂ ನನ್ನ ತಲೆಗೇ. ಮರುವರ್ಷ ಹಾಳೆಯನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೇರಿಸಿದೆ. ಬೂಷ್ಟು ನಿಂತಿತು, ಆದರೆ ಊಟಕ್ಕೆ ಕುಳಿತವರು ಪಾಯಸಕ್ಕೆ ಹೊಗೆ ವಾಸನೆ ಎಂದರು. ಆ ಎರಡು ವರ್ಷಗಳಲ್ಲಿ ಒಂದೂಮುಕ್ಕಾಲು ಲಕ್ಷವಾದರೂ ಕೈಬಿಟ್ಟಿರಬೇಕು.

ದಾರಿ ಹೊಳೆದದ್ದು ನಮ್ಮದೇ ಅಡಿಕೆ ಡ್ರೈಯರಿನಿಂದ. ಕೊಯ್ಲು ಮುಗಿದ ಮೇಲೆ ಅದು ಇಡೀ ಮಳೆಗಾಲ ಖಾಲಿ ಬಿದ್ದಿರುತ್ತದೆ. ಹೊಗೆ ಕೊಳವೆಯಲ್ಲೇ ಹೊರಗೆ ಹೋಗಿ ಬಿಸಿಗಾಳಿ ಮಾತ್ರ ಒಳಗೆ ಸುಳಿಯುವ ಮಾದರಿಯೇ ಆಗಬೇಕು. ನಾನು ಹಾಳೆಯನ್ನಲ್ಲ, ಅಚ್ಚಿನಿಂದ ಇಳಿದ ತಟ್ಟೆಯನ್ನೇ ಅದರಲ್ಲಿ 50 ಡಿಗ್ರಿಯ ಆಸುಪಾಸಿನಲ್ಲಿ ರಾತ್ರಿಯಿಡೀ ಇಟ್ಟು, ಪೂರ್ತಿ ಆರಿದ ಮೇಲೆಯೇ ಕಟ್ಟಿಸುತ್ತೇನೆ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ. ಬೂಷ್ಟಿನ ಮುಕ್ಕಾಲು ಪಾಲು ತೊಂದರೆ ಅಲ್ಲಿಯದೇ. ಹೀಗೆ ಒಣಗಿಸಿದರೆ ತಟ್ಟೆ ಸೊಟ್ಟಗಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಅದಕ್ಕೆ ತಟ್ಟೆ ಜೋಡಿಸುವ ಒಂದು ಕ್ರಮವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ವಿಧಾನ ಕೈಹಿಡಿಯಿತು ಎನ್ನುವಷ್ಟರಲ್ಲಿ 2020ರ ಮಾರ್ಚ್‌ನ ಲಾಕ್‌ಡೌನ್ ಬಂತು. ಹಾಳೆ ಬೀಳುವ ಕಾಲವೂ ಮದುವೆಯ ಕಾಲವೂ ಒಂದೇ. ತಟ್ಟೆ ಕೇಳುವವರಿಲ್ಲ, ಆದರೆ ಆಗ ಹಾಳೆ ಕೊಳ್ಳದಿದ್ದರೆ ಮುಂದಿನ ಬೇಸಿಗೆಯವರೆಗೆ ಯಂತ್ರಕ್ಕೆ ಕೆಲಸವಿಲ್ಲ. ರಿಸರ್ವ್ ಬ್ಯಾಂಕು ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತಾದರೂ ಬಡ್ಡಿ ಏರುತ್ತಲೇ ಇತ್ತು. ಮನೆಯ ಬಂಗಾರವನ್ನು ಸಹಕಾರ ಸಂಘದಲ್ಲಿಟ್ಟು, ಒಂದಕ್ಕೆ ಒಂದೂವರೆ ರೂಪಾಯಿಯಂತೆ ಸುಮಾರು ಅರವತ್ತು ಸಾವಿರ ಹಾಳೆ ಕೊಂಡೆ. “ಮದುವೆಯೇ ಇಲ್ಲ, ಇಷ್ಟು ಹಾಳೆ ತಗೊಂಡು ಏನು ಮಾಡ್ತೀರಿ ಮಾರಾಯ್ರೇ?” ಎಂದ ತೋಟದವರು ಹಣವನ್ನು ಮಾತ್ರ ಅಂದೇ ಎಣಿಸಿಕೊಂಡರು. ನೂರರ ಕಟ್ಟು ಕಟ್ಟಿ, ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಕೆಳಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಇಟ್ಟದ್ದರಿಂದ ಹತ್ತರಲ್ಲಿ ಒಂದಷ್ಟೇ ಕೆಟ್ಟಿತು. ಕೆಲಸದ ನಾಲ್ವರಿಗೆ ಅರ್ಧ ಕೂಲಿಯನ್ನಾದರೂ ಕೊಟ್ಟು ಉಳಿಸಿಕೊಂಡೆ, ಏಕೆಂದರೆ ಅಚ್ಚಿನ ಕೈ ಪಳಗಲು ಒಂದು ಋತು ಬೇಕು.

ಇದರ ನಡುವೆ ಕತ್ತರಿಸಿ ಉಳಿದ ಚೂರಿನಿಂದ ಚಮಚ ಒತ್ತಲು ನೋಡಿದೆ. ಹುಳಿ ತಾಗಿದೊಡನೆ ಮೆತ್ತಗಾಗುತ್ತಿತ್ತು. ಈಗ ಆ ಚೂರು ಡ್ರೈಯರಿನ ಒಲೆಗೇ ಹೋಗುತ್ತದೆ, ಸೌದೆಯಲ್ಲಿ ಕಾಲು ಭಾಗ ಉಳಿಯುತ್ತದೆ.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಾದ್ಯಂತ ನಿಷೇಧ ಬಂದಾಗ ನಡುಮಳೆಗಾಲ. ಸುತ್ತಲಿನ ಘಟಕಗಳಿಗೆ ಬೀಗ ಬಿದ್ದಿತ್ತು, ನನ್ನಲ್ಲಿ ಒಣಗಿದ ಮಾಲಿತ್ತು. ಮಳೆಗಾಲದ ತಟ್ಟೆಗೆ ಅಂದಿನಿಂದ 50 ಪೈಸೆ ಹೆಚ್ಚು ಹಾಕುತ್ತಿದ್ದೇನೆ, ಮುಂಗಡ ಬಾರದೆ ಲೋಡು ಹೊರಡಿಸುವುದಿಲ್ಲ.