ಪ್ಲಾಸ್ಟಿಕ್ ಬಿಚ್ಚಿದ ಮೇಲೆ ಕಂಡ ಥಾರ್

ನನ್ನ ಥಾರ್ ಜೀಪಿನ ಹಿಂದಿನ ಆರ್ಚಿನ, ಅಂದರೆ ಚಕ್ರದ ಮೇಲಿನ ತಗಡಿನ ಕಮಾನಿನ, ರಿಪೇರಿ ಪತ್ತನಾಜೆಯೊಳಗೆ ಮುಗಿಸಬೇಕು ಎಂದು ಹಟ ಹಿಡಿದಿದ್ದೆ. ಮೇ 24ರ ಸುಮಾರಿಗೆ ಬರುವ ಈ ತುಳುನಾಡಿನ ಆಚರಣೆಯ ದಿನ ಕಳೆದರೆ ಉಡುಪಿಯಲ್ಲಿ ಮಳೆ ಯಾವಾಗ ಹಿಡಿಯುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಕೊಯ್ದ ತಗಡಿಗೆ ಮಳೆ ಬಿದ್ದರೆ ಮತ್ತೆ ಕೇಳುವುದೇ ಬೇಡ.

ನನ್ನದು 2016ರ ಹಳೇ ಥಾರ್, ಸಿಆರ್‌ಡಿಇ ಡೀಸೆಲ್ ಎಂಜಿನ್ನಿನದು. ಕಂಪನಿಯ 235/70 ಆರ್16 ಟಯರ್ ತೆಗೆದು 245/75 ಆರ್16 ಹಾಕಿದ್ದೆ. ಲೆಕ್ಕದ ಪ್ರಕಾರ ಟಯರಿನ ಎತ್ತರ 735 ಮಿ.ಮೀ.ಯಿಂದ 774 ಮಿ.ಮೀ.ಗೆ ಏರುತ್ತದೆ. ಗಾಡಿ ಎದ್ದದ್ದು ಆ ವ್ಯತ್ಯಾಸದ ಅರ್ಧ, ಸುಮಾರು 20 ಮಿ.ಮೀ. ಟಯರಿನ ನೆತ್ತಿಯೂ ಅಷ್ಟೇ ಆರ್ಚಿನ ಹತ್ತಿರ ಹೋಯಿತಲ್ವಾ? ಹೆಬ್ರಿ ಕಡೆಯ ಗುಡ್ಡದ ದಾರಿಯಲ್ಲಿ ಒಂದು ಚಕ್ರ ಹೊಂಡಕ್ಕೆ ಇಳಿದು ಇನ್ನೊಂದು ಮೇಲೆದ್ದಾಗಲೆಲ್ಲ ಹಿಂದಿನಿಂದ ಕರಕರ ಸದ್ದು.

ಸರಿ, ಹಿಂದಿನ ಆರ್ಚಿನ ಕಪ್ಪು ಪ್ಲಾಸ್ಟಿಕ್ ಬಿಚ್ಚಿ ಒಳಗಿನ ಅಂಚನ್ನು ಸ್ವಲ್ಪ ಮಡಚಿದರೆ ಸಾಕು ಅಂದುಕೊಂಡೆ. ಪ್ಲಾಸ್ಟಿಕ್ ಕೈಗೆ ಬಂದದ್ದೇ ತಡ, ಮುಷ್ಟಿಗಟ್ಟಲೆ ಮುರಕಲ್ಲಿನ ಕೆಂಪು ಮಣ್ಣು ನೆಲಕ್ಕೆ ಸುರಿಯಿತು. ಒಳಪದರ ಇನ್ನೂ ಒದ್ದೆ. ಎಷ್ಟು ಮಳೆಗಾಲದ ಮಣ್ಣೋ! ಮಲ್ಪೆ ಕಡೆಯ ಉಪ್ಪು ಗಾಳಿಯೂ ಸೇರಿ ಕ್ಲಿಪ್ಪಿನ ತೂತುಗಳ ಸುತ್ತ ಪೇಂಟ್ ಉಬ್ಬಿತ್ತು. ಸ್ಕ್ರೂಡ್ರೈವರಿನಿಂದ ಮೆಲ್ಲ ಒತ್ತಿದೆ, ಎರಡು ಕಡೆ ಅದು ಆಚೆ ಬದಿಗೆ ಹೋಯಿತು.

ಗಾಡಿಯ ತಗಡಿನ ಕೆಲಸ ಮಾಡುವ ಪರಿಚಯದ ಟಿಂಕರ್ ಅಣ್ಣನನ್ನು ಕರೆದು ತೋರಿಸಿದೆ. "ಪುಟ್ಟಿ ಹಾಕಿ ಮುಚ್ಚಬೇಡಿ ಮಾರಾಯ್ರೆ, ಅದು ನೀರು ಕುಡೀತದೆ. ಹಾಳಾದದ್ದು ಕೊಯ್ದು ತೆಗೀರಿ, ಹೊಸ ತಗಡು ಕೂರಿಸುವ" ಎಂದರು. ಅವರ ವೆಲ್ಡಿಂಗ್ ಮೆಷಿನ್ ಎರಡು ಭಾನುವಾರಕ್ಕೆ ಸಿಕ್ಕಿತು. ಕೆಲಸ ಮಾತ್ರ ನಾನೇ ಮಾಡುತ್ತೇನೆ ಎಂದೆ. ನಕ್ಕರು.

ಎಲ್ಲಿ ಕೊಯ್ಯಬೇಕು ಎಂದು ಕಣ್ಣಂದಾಜಿನಲ್ಲಿ ಗುರುತು ಹಾಕಲಿಲ್ಲ. ಹಿಂದಿನ ಒಂದು ಚಕ್ರ, ಅದಕ್ಕೆ ಎದುರು ಮೂಲೆಯ ಮುಂದಿನ ಚಕ್ರ, ಎರಡನ್ನೂ ಕಲ್ಲಿನ ಮೇಲೆ ಹತ್ತಿಸಿ ಹಿಂದಿನ ಸ್ಪ್ರಿಂಗ್ ಪ್ಲೇಟ್ ಪೂರ್ತಿ ಒತ್ತುವ ಹಾಗೆ ನಿಲ್ಲಿಸಿದೆ. ಟಯರ್ ಎಲ್ಲಿ ತಾಗುತ್ತದೆ ಎಂದು ಆಗ ಗೊತ್ತಾಯಿತು: ನಾನು ಊಹಿಸಿದ ಹಾಗೆ ನೆತ್ತಿಯಲ್ಲಲ್ಲ, ಆರ್ಚಿನ ಹಿಂದಿನ ಇಳಿಜಾರಿನಲ್ಲಿ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಎಡಕ್ಕೂ ಬಲಕ್ಕೂ ಅದನ್ನೇ ಇಟ್ಟು ಗೆರೆ ಎಳೆದೆ.

ಗ್ರೈಂಡರ್ ಹಿಡಿಯುವ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿದೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇರುವ ಗಾಡಿಗೆ ವೆಲ್ಡಿಂಗ್ ಮಾಡುವಾಗ ಇದನ್ನು ಮರೆಯಬಾರದು. ಡೀಸೆಲ್ ತುಂಬಿಸುವ ಪೈಪಿನ ಬದಿಯಲ್ಲಿ ಪೈಪ್ ಕಳಚಿ, ಬಾಯಿ ಭದ್ರವಾಗಿ ಮುಚ್ಚಿ, ಒದ್ದೆ ಗೋಣಿ ಹೊದಿಸಿದೆ. ಪಕ್ಕದಲ್ಲಿ ಎರಡು ಬಕೆಟ್ ನೀರು.

ಆರ್ಚಿನ ಅಂಚಿನಲ್ಲಿ ಹೊರ ತಗಡು, ಒಳ ತಗಡು ಎರಡೂ ಸೇರಿಕೊಂಡಿರುತ್ತವೆ. ಆ ಜೋಡಣೆ ದಾಟಿ ಕೊಯ್ದರೆ ಮಧ್ಯೆ ಬಾಯಿ ತೆರೆಯುತ್ತದೆ. ಹಾಗಾಗಿ ಗೆರೆಯವರೆಗೆ ಒಮ್ಮೆಗೇ ಕೊಯ್ಯದೆ, ಅಂಚನ್ನು ಗರಗಸದ ಹಲ್ಲಿನ ಹಾಗೆ ಸೀಳಿ, ಒಂದೊಂದೇ ಹಲ್ಲನ್ನು ಸುತ್ತಿಗೆಯಿಂದ ಒಳಗೆ ಮಡಚಿ, ಆಮೇಲೆ ವೆಲ್ಡ್ ಮಾಡಿದೆ. ಇದಕ್ಕೇ ಒಂದು ದಿನ ಹೋಯಿತು.

ತೇಪೆಗೆ 1.2 ಮಿ.ಮೀ. ಸಿಆರ್ ಶೀಟ್, ಅಂದರೆ ಲೇಪನವಿಲ್ಲದ ಉಕ್ಕಿನ ತಗಡು, ತಂದಿದ್ದೆ. ಸತುವು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲ ಅಂತ ಆಸೆ ಹುಟ್ಟುತ್ತದೆ, ಆದರೆ ಅದರ ಸತುವು ಸುಟ್ಟು ಏಳುವ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ. ಮೊದಲ ತೇಪೆಯಲ್ಲೇ ನಾನು ಬುದ್ಧಿವಂತಿಕೆ ತೋರಿಸಿದೆ. ಒಂದೇ ಉಸಿರಿಗೆ ಉದ್ದಕ್ಕೆ ವೆಲ್ಡ್ ಎಳೆದೆ. ಬಿಸಿಗೆ ತಗಡು ಉಬ್ಬಿತು, ಒತ್ತಿದರೆ ಎಣ್ಣೆ ಡಬ್ಬದ ಹಾಗೆ ಟಕ್ ಟಕ್. ಅಣ್ಣ ಬಂದು ಉಬ್ಬಿದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ತಗಡನ್ನು ಎಳೆದು ಕೂರಿಸಿದರು. ಬಲಬದಿಗೆ ಬುದ್ಧಿ ಕಲಿತಿದ್ದೆ. ಇಲ್ಲೊಂದು ಚುಕ್ಕಿ, ಒಂದು ಗೇಣು ಬಿಟ್ಟು ಇನ್ನೊಂದು, ಕೈಯಿಟ್ಟು ತಣ್ಣಗಾಯಿತೇ ನೋಡಿ ಮತ್ತೊಂದು. ಕ್ಲಿಪ್ಪಿನ ಹಳೇ ತೂತುಗಳ ಹಿಂದೆ ತಾಮ್ರದ ತುಂಡು ಒತ್ತಿ ಹಿಡಿದು ಮುಚ್ಚಿದೆ. ವೆಲ್ಡ್ ತಾಮ್ರಕ್ಕೆ ಅಂಟುವುದಿಲ್ಲ, ತೂತು ಚಂದ ತುಂಬುತ್ತದೆ.

ಮೊದಲ ಭಾನುವಾರ ಸಂಜೆ ಸುಸ್ತಾಗಿ, ಉಜ್ಜಿದ ತಗಡನ್ನು ಹಾಗೇ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅದಕ್ಕೆ ಅರಿಶಿನ ಬಳಿದ ಹಾಗಿತ್ತು. ನಮ್ಮ ಕರಾವಳಿಯ ಗಾಳಿಗೆ ಒಂದು ರಾತ್ರಿ ಸಾಕು. ಪುನಃ ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆದೆ. ಪುಟ್ಟಿ ಹಚ್ಚಿದ್ದು ಪ್ರೈಮರಿನ ಮೇಲೆ, ಅದೂ ತೆಳ್ಳಗೆ. ಜೋಡಣೆಗೆ ಸೀಮ್ ಸೀಲರ್, ಒಳಬದಿಗೆ ಅಂಡರ್‌ಬಾಡಿ ಕೋಟಿಂಗ್, ಕೈ ಹೋಗದ ಪೊಳ್ಳಿಗೆ ಮೇಣದ ಸ್ಪ್ರೇ.

ಪ್ಲಾಸ್ಟಿಕ್ ಇಲ್ಲದೆ ಗಾಡಿ ಗಟ್ಟಿಗನ ಹಾಗೆ ಕಾಣುತ್ತಿತ್ತು ನಿಜ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೆ. ಟಯರ್ ಹೊರಗೆ ಚಾಚಿದ್ದರೆ ಹೆದ್ದಾರಿಯಲ್ಲಿ ಕೈ ಅಡ್ಡ ಹಾಕುವವರಿಗೆ ಅಷ್ಟೇ ಬೇಕು. ಕೆಸರು ಹಿಂದಿನವರ ಗಾಜಿಗೆ ಹಾರುವುದು ಬೇರೆ. ಅದೇ ಪ್ಲಾಸ್ಟಿಕ್ಕಿನ ಒಳ ಅಂಚು ಕತ್ತರಿಸಿ ಮತ್ತೆ ಹಾಕಿದೆ, ಮೊದಲಿನ ಹಾಗೆ ತಗಡಿಗೆ ಅಂಟಿಸಿ ಅಲ್ಲ. ಹೊಸದಾಗಿ ಕೊರೆದ ತೂತುಗಳಿಗೆ ನೈಲಾನ್ ಬುಷ್, ನಡುವೆ 5 ಮಿ.ಮೀ. ದಪ್ಪದ ರಬ್ಬರ್ ವಾಷರ್. ಕೆಳತುದಿ ಪೂರ್ತಿ ತೆರೆದಿದೆ. ಗಾಡಿ ತೊಳೆಯುವಾಗ ಮೇಲಿನಿಂದ ಪೈಪ್ ಹಿಡಿದರೆ ಮಣ್ಣು ಕೆಳಗಿನಿಂದ ಇಳಿದು ಹೋಗುತ್ತದೆ.

ತುಳುವರ ಆಟಿ ತಿಂಗಳ ಮಳೆ ಕಳೆದ ಮೇಲೆ ಎರಡೂ ಬದಿ ಬಿಚ್ಚಿ ನೋಡಿದೆ. ಎಡಬದಿ ಸ್ವಚ್ಛ. ಬಲಬದಿಯ ಕೊನೆಯ ತೂತಿನ ಸುತ್ತ ಮಾತ್ರ ಸಣ್ಣ ಅರಿಶಿನದ ಉಂಗುರ. ಅದು ಕೊನೇ ಗಳಿಗೆಯಲ್ಲಿ ಕೊರೆದ ತೂತು. ಪ್ರೈಮರ್ ಡಬ್ಬ ಪುನಃ ತೆರೆಯಲು ಉದಾಸೀನವಾಗಿ ಸುಮ್ನೆ ಸ್ಕ್ರೂ ಬಿಗಿದಿದ್ದೆ.