ಹೊತ್ತು ಮೊದಲು, ಸೂಚನೆ ಆಮೇಲೆ: ಡೈಪರ್ ಇಲ್ಲದೆ ಮಕ್ಕಳನ್ನು ಬೆಳೆಸಿದ ನನ್ನ ಅನುಭವ

ಎಳೆ ಮಗುವಿಗೆ ಡೈಪರ್ ಹಾಕದೆ, ಅದಕ್ಕೆ ಬಂದಾಗ ಎತ್ತಿ ಹಿಡಿದು ಸುಸ್ಸು, ಕಕ್ಕ ಮಾಡಿಸುತ್ತೇನೆ ಎಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಬಂದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಇಬ್ಬರು ಮಕ್ಕಳನ್ನು ಹೀಗೇ ಬೆಳೆಸುತ್ತಿದ್ದೇನೆ. ದೊಡ್ಡವನು ಮಗ, ಚಿಕ್ಕವಳು ಮಗಳು. ಮೊದಮೊದಲು ನನಗೆ ಮಗುವಿನ ಮುಖ ನೋಡಿ ಏನೂ ಗೊತ್ತಾಗುತ್ತಿರಲಿಲ್ಲ. ಹೊತ್ತು ನೋಡಿ ಗೊತ್ತಾಗುತ್ತಿತ್ತು. ಮುಖ, ಕೈಕಾಲು, ದನಿ ಎಲ್ಲ ಏನು ಹೇಳುತ್ತಿವೆ ಎಂಬುದು ಅರ್ಥವಾಗಿದ್ದು ಆಮೇಲೆ.

ಶುರು ಮಾಡುವವರಿಗೆ ನಾನು ಇದನ್ನೇ ಮೊದಲು ಹೇಳುವುದು. ತುಂಬಾ ಜನ ಕೈಬಿಡುವುದು ಇಲ್ಲೇ. ಮಗು ಏನೋ ವಿಶೇಷ ಸೂಚನೆ ಕೊಡುತ್ತೆ ಎಂದು ಕಾಯುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬಟ್ಟೆ ಒದ್ದೆಯಾಗಿರುತ್ತದೆ. ನಮ್ಮ ಮಗುವಿಗೆ ಇದು ಆಗಲ್ಲ ಎಂದು ಬಿಟ್ಟುಬಿಡುತ್ತಾರೆ. ಸೂಚನೆ ಕಾಣದಿದ್ದರೂ ಇದನ್ನು ಶುರು ಮಾಡಬಹುದು.

ಹೊತ್ತು ಎಂದರೆ ಯಾವುದು? ಎಲ್ಲಕ್ಕಿಂತ ಖಚಿತವಾದದ್ದು ನಿದ್ದೆಯಿಂದ ಎದ್ದ ಗಳಿಗೆ. ಗಾಢ ನಿದ್ದೆಯಲ್ಲಿ ಮಕ್ಕಳು ಸಾಮಾನ್ಯವಾಗಿ ಉಚ್ಚೆ ಹೊಯ್ಯುವುದಿಲ್ಲ. ಮೂತ್ರಕೋಶ ತುಂಬಿದಾಗ ನಿದ್ದೆ ತೆಳುವಾಗುತ್ತದೆ, ಮಗು ಹೊರಳಾಡುತ್ತದೆ, ಮುಲುಗುತ್ತದೆ, ಆಮೇಲೆ ಹೊಯ್ಯುತ್ತದೆ. ಹಾಗಾಗಿ ಕಣ್ಣು ಬಿಟ್ಟ ಕೂಡಲೇ ಎತ್ತಿ ಹಿಡಿದರೆ ಬಹುಪಾಲು ಸಲ ಆಗೇ ಆಗುತ್ತದೆ. ಮುದ್ದು ಮಾಡುವುದು, ಮಾತಾಡಿಸುವುದು ಎಲ್ಲ ಆಮೇಲೆ. ಎರಡನೆಯದು ಹಾಲು ಕುಡಿಯುವಾಗ ಮತ್ತು ಕುಡಿದ ಮೇಲೆ. ಹೊಟ್ಟೆಗೆ ಹಾಲು ಇಳಿದರೆ ಕರುಳಿಗೆ ಚಾಲನೆ ಸಿಗುತ್ತದೆ. ಇದು ದೊಡ್ಡವರಲ್ಲೂ ಇರುವ ಸಹಜ ಪ್ರತಿಕ್ರಿಯೆ, ಎಳೆ ಮಕ್ಕಳಲ್ಲಿ ಇನ್ನೂ ಜೋರು. ಮೂರನೆಯದು ಎದೆಗೆ ಕಟ್ಟಿಕೊಂಡ ಜೋಳಿಗೆಯಿಂದಲೋ ಕಾರಿನ ಸೀಟಿನಿಂದಲೋ ಮಗುವನ್ನು ಹೊರಗೆ ತೆಗೆದ ಹೊತ್ತು. ಅಷ್ಟು ಹೊತ್ತು ಒದ್ದೆ ಮಾಡದಿದ್ದ ಮಗು ಕೆಳಗಿಳಿಸಿದ ಕೂಡಲೇ ಹೊಯ್ಯುವುದನ್ನು ಎಲ್ಲರೂ ನೋಡಿರುತ್ತಾರೆ. ಬಟ್ಟೆ ಬಿಚ್ಚಿ ಗಾಳಿ ತಾಗಿದಾಗಲೂ ಅಷ್ಟೇ.

ಈ ನಾಲ್ಕು ಹೊತ್ತು ಹಿಡಿದರೂ ಸಾಕು, ಶುರುವಿಗೆ ಬೇರೇನೂ ಬೇಡ. ಉಳಿದ ಹೊತ್ತಿಗೆ ಬಟ್ಟೆಯ ಲಂಗೋಟಿಯೋ ಡೈಪರ್ರೋ ಇರಲಿ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗು ಸುಮಾರು ಗಂಟೆಗೊಮ್ಮೆ ಉಚ್ಚೆ ಹೊಯ್ಯುತ್ತದೆ, ದಿನಕ್ಕೆ 20 ಸಲದ ಆಸುಪಾಸು. ಅಷ್ಟನ್ನೂ ಹಿಡಿಯುತ್ತೇನೆ ಎಂದು ಹೊರಟರೆ ಹೆತ್ತವರು ಸುಸ್ತಾಗಿ ಮಲಗುತ್ತಾರೆ. ಹಾಗೆ ಹೊರಡುವ ಅಗತ್ಯವೇ ಇಲ್ಲ.

ಹಿಡಿಯುವುದು ಹೇಗೆ ಎಂದು ಹೇಳಿಬಿಡುತ್ತೇನೆ. ಮಗುವಿನ ಬೆನ್ನು ನಮ್ಮ ಹೊಟ್ಟೆಗೆ ಒರಗಬೇಕು. ನಮ್ಮ ಎರಡೂ ಕೈ ಅದರ ತೊಡೆಯ ಕೆಳಗೆ. ಮಂಡಿಗಳು ಸೊಂಟಕ್ಕಿಂತ ಸ್ವಲ್ಪ ಮೇಲೆ, ಅಂದರೆ ಕುಕ್ಕರುಗಾಲಿನಲ್ಲಿ ಕೂತ ಹಾಗೆ. ಕತ್ತು ನಿಲ್ಲದ ಮಗುವಾದರೆ ನಾವು ಸ್ವಲ್ಪ ಹಿಂದಕ್ಕೆ ಒರಗಿ ಕೂರಬೇಕು, ಆಗ ಅದರ ತಲೆ ನಮ್ಮ ಎದೆಯ ಮೇಲೆ ಭದ್ರವಾಗಿ ಇರುತ್ತದೆ. ಕೆಳಗೆ ಒಂದು ಪುಟ್ಟ ಬೋಗುಣಿ, ಬೇಸಿನ್, ಕಮೋಡು, ಬಚ್ಚಲ ನೆಲ, ಯಾವುದಾದರೂ ನಡೆಯುತ್ತದೆ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ತೊಡೆಗಳ ನಡುವೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕ ಬೋಗುಣಿ. ಅದರ ಅಂಚಿಗೆ ಬಟ್ಟೆ ಸುತ್ತಿದರೆ ಮಗುವಿಗೆ ತಣ್ಣಗೆ ತಾಗಿ ಬೆಚ್ಚಿಬೀಳುವುದಿಲ್ಲ. ಹಾಲು ಕುಡಿಸುತ್ತಲೇ ಅದರ ಮೇಲೆ ಕೂರಿಸಬಹುದು. ಗಂಡು ಮಗುವಾದರೆ ಸೊಂಟವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿಯಬೇಕು, ಇಲ್ಲವಾದರೆ ಧಾರೆ ನೇರ ಎದುರಿನ ಗೋಡೆಗೆ. ಕಾಲು ನೀಡಿ ಕೂತು, ಎರಡೂ ಪಾದಗಳ ಮೇಲೆ ಮಗುವನ್ನು ಕೂರಿಸಿಕೊಳ್ಳುವುದೂ ಒಳ್ಳೆಯ ಕ್ರಮವೇ. ಬೆನ್ನು ನೋವಿರುವ ಅಮ್ಮಂದಿರಿಗೆ ಅದೇ ಸುಲಭ.

ಮಗು ಹೊಯ್ಯಲು ಶುರು ಮಾಡಿದಾಗ "ಸ್ಸ್ಸ್" ಎಂದು ಸದ್ದು ಮಾಡುತ್ತೇನೆ. ಕಕ್ಕಕ್ಕೆ ತಿಣುಕುವಾಗ "ಉಂಹ್ ಉಂಹ್" ಎನ್ನುತ್ತೇನೆ. ಗಮನಿಸಿ, ಮೊದಲು ಮಗು ಮಾಡಬೇಕು, ಅದರ ಜೊತೆಗೇ ಸದ್ದು ಬರಬೇಕು. ಲಂಗೋಟಿಯಲ್ಲಿ ಹೊಯ್ಯುತ್ತಿರುವುದು ಗೊತ್ತಾದರೂ ಆ ಸದ್ದು ಮಾಡುತ್ತಿದ್ದೆ. ಕೆಲವು ವಾರಗಳಲ್ಲಿ ಮಗುವಿನ ಮನಸ್ಸಿನಲ್ಲಿ ಸದ್ದಿಗೂ ಸಡಿಲ ಬಿಡುವುದಕ್ಕೂ ನಂಟು ಬೀಳುತ್ತದೆ. ಆಮೇಲೆ ಮೂತ್ರಕೋಶದಲ್ಲಿ ಸ್ವಲ್ಪವಾದರೂ ಇದ್ದರೆ, ಎತ್ತಿ ಹಿಡಿದು ಸದ್ದು ಮಾಡಿದಾಗ ಬಿಡುತ್ತದೆ. ಏನೂ ಇಲ್ಲದಿದ್ದರೆ ಬಿಡುವುದಿಲ್ಲ, ಅಷ್ಟೇ. ಒಂದೆರಡು ನಿಮಿಷಕ್ಕಿಂತ ಜಾಸ್ತಿ ಹಿಡಿದು ಕೂರುವುದು ಬೇಡ.

ಇನ್ನು ಸೂಚನೆಗಳ ವಿಷಯ. ಹೊತ್ತು ನೋಡಿ ಹಿಡಿಯುತ್ತಾ ಹೋದ ಹಾಗೆ, ಹಿಡಿಯುವ ಮುಂಚಿನ ಅರ್ಧ ನಿಮಿಷದಲ್ಲಿ ಮಗು ಏನು ಮಾಡುತ್ತಿತ್ತು ಎಂಬುದು ಕಣ್ಣಿಗೆ ಬೀಳತೊಡಗುತ್ತದೆ. ಮಗನದು ಸುಲಭ ಇತ್ತು. ಆಡುತ್ತಿದ್ದವನು ಗಕ್ಕನೆ ಸುಮ್ಮನಾಗುತ್ತಿದ್ದ, ದೃಷ್ಟಿ ಎಲ್ಲೋ ನೆಟ್ಟಿರುತ್ತಿತ್ತು, ಮೈ ಒಮ್ಮೆ ಜುಮ್ಮೆನ್ನುತ್ತಿತ್ತು. ಮಗಳು ಹಾಗಲ್ಲ. ಅವಳ ಮುಖದಲ್ಲಿ ಉಚ್ಚೆಗೆ ಸುಳಿವೇ ಇಲ್ಲ. ಅವಳು ಹೇಳುತ್ತಿದ್ದದ್ದೆಲ್ಲ ಹಾಲು ಕುಡಿಯುವಾಗ.

ಚೆನ್ನಾಗಿ ಕುಡಿಯುತ್ತಿದ್ದವಳು ತೊಟ್ಟು ಬಿಡುತ್ತಾಳೆ. ಮತ್ತೆ ಹಿಡಿಯುತ್ತಾಳೆ, ಎರಡು ಗುಟುಕು, ಮತ್ತೆ ಬಿಡುತ್ತಾಳೆ. ತಲೆ ಆ ಕಡೆ ಈ ಕಡೆ ಆಡುತ್ತದೆ. ಒಂದು ಕಾಲು ಮಾತ್ರ ಒದೆಯುತ್ತಿರುತ್ತದೆ, ಮುಷ್ಟಿ ಬಿಗಿಯಾಗುತ್ತದೆ. ಇನ್ನೂ ಹಸಿವೇನೋ ಎಂದು ಮತ್ತೆ ಎದೆಗೆ ಹಚ್ಚಿದರೆ ಸಿಟ್ಟಿನ ಅಳು. ಆಗ ಎದೆಯಿಂದ ಬಿಡಿಸಿ ಬೋಗುಣಿಯ ಮೇಲೆ ಹಿಡಿದರೆ ಅಳು ನಿಲ್ಲುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ, ಹುಬ್ಬಿನ ಮೇಲೆ ಕೆಂಪು ಹತ್ತುತ್ತದೆ, ಗಾಳಿ ಹೋಗುತ್ತದೆ, ಹಿಂದೆಯೇ ಕಕ್ಕ. ಒರೆಸಿ ಮತ್ತೆ ಎದೆಗೆ ಹಿಡಿದರೆ ಏನೂ ಆಗಿಲ್ಲವೆಂಬಂತೆ ಕುಡಿಯುತ್ತಾಳೆ. ಹಾಲು ಸಾಲುತ್ತಿಲ್ಲವೇನೋ, ಹೊಟ್ಟೆನೋವೇನೋ ಎಂದು ಕಂಗಾಲಾಗುವ ಎಷ್ಟೋ ಅಮ್ಮಂದಿರಿಗೆ ಇದನ್ನೊಮ್ಮೆ ಮಾಡಿ ನೋಡಿ ಎಂದು ಹೇಳಬೇಕು ಅನ್ನಿಸುತ್ತದೆ. ಎಲ್ಲ ಅಳುವಿಗೂ ಇದು ಕಾರಣವಲ್ಲ. ಆದರೆ ಕಾರಣಗಳ ಪಟ್ಟಿಯಲ್ಲಿ ಇದು ಇರಲಿ.

ಎಳೆ ಮಕ್ಕಳಲ್ಲಿ ಇನ್ನೊಂದು ಸಂಗತಿ ಇದೆ. ಮೆತ್ತನೆಯ ಕಕ್ಕ ಬರುವ ಮುನ್ನವೂ ಕೆಲವು ಮಕ್ಕಳು ಹತ್ತು ನಿಮಿಷ, ಅದಕ್ಕೂ ಹೆಚ್ಚು ತಿಣುಕಿ ಅಳುತ್ತವೆ. ಅದು ಮಲಬದ್ಧತೆಯಲ್ಲ. ಹೊಟ್ಟೆಯಿಂದ ಒತ್ತುವುದು ಬಂದಿದೆ, ಅದೇ ಹೊತ್ತಿಗೆ ಕೆಳಗಿನ ಸ್ನಾಯುವನ್ನು ಸಡಿಲ ಬಿಡುವುದು ಇನ್ನೂ ಬಂದಿಲ್ಲ. ದಿನ ಕಳೆದ ಹಾಗೆ ತಾನೇ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಕುಕ್ಕರುಗಾಲಲ್ಲಿ ಹಿಡಿದಾಗ ಈ ಒದ್ದಾಟ ಬೇಗ ಮುಗಿಯುತ್ತಿತ್ತು. ಅಂಗಾತ ಮಲಗಿ ತಿಣುಕುವುದು ದೊಡ್ಡವರಿಗೂ ಕಷ್ಟ ಅಲ್ವಾ?

ಒಂದೂವರೆ ತಿಂಗಳ ಹೊತ್ತಿಗೆ ಎದೆಹಾಲು ಕುಡಿಯುವ ಮಕ್ಕಳ ಕಕ್ಕದ ಲೆಕ್ಕ ತಲೆಕೆಳಗಾಗಬಹುದು. ದಿನಕ್ಕೆ ನಾಲ್ಕೈದು ಸಲ ಮಾಡುತ್ತಿದ್ದ ಮಗು ಒಂದೆರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮಾಡದೇ ಇರುತ್ತದೆ. ಮಗು ಚೆನ್ನಾಗಿ ಕುಡಿಯುತ್ತಾ, ತೂಕ ಏರುತ್ತಾ, ಮಾಡಿದಾಗ ಮೆತ್ತಗೇ ಮಾಡಿದರೆ ಗಾಬರಿ ಬೇಡ. ನಾನು ಆ ದಿನಗಳಲ್ಲಿ ಕಕ್ಕಕ್ಕೆ ಎಂದು ಕಾದು ಕೂರದೆ ಉಚ್ಚೆಯ ಹೊತ್ತಿಗೆ ಮಾತ್ರ ಹಿಡಿಯುತ್ತಿದ್ದೆ.

ಉಚ್ಚೆಯ ಬಗ್ಗೆ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: ಎಳೆ ಮಗು ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡುವುದಿಲ್ಲ. ಸ್ವಲ್ಪ ಹೊಯ್ದು ನಿಲ್ಲಿಸುತ್ತದೆ. ಕೆಲವು ನಿಮಿಷ ಬಿಟ್ಟು ಉಳಿದದ್ದು ಬರುತ್ತದೆ. ಮೂತ್ರಕೋಶ ಹಿಂಡುವುದಕ್ಕೂ ಅದರ ಬಾಯಿ ತೆರೆದುಕೊಳ್ಳುವುದಕ್ಕೂ ಇನ್ನೂ ಸರಿಯಾದ ಹೊಂದಿಕೆ ಬಂದಿರುವುದಿಲ್ಲ. "ಈಗ ತಾನೇ ಮಾಡಿಸಿದೆ, ಬಟ್ಟೆ ಹಾಕಿದ ಕೂಡಲೇ ಒದ್ದೆ ಮಾಡಿತು" ಎಂದು ಬೇಜಾರಾಗುವವರಿಗೆ ಉತ್ತರ ಇದೇ. ನಾನು ಮಾಡುತ್ತಿದ್ದದ್ದು ಇಷ್ಟು: ಧಾರೆ ನಿಂತ ಮೇಲೆ ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು, ಒಂದು ಸುತ್ತು ಓಡಾಡಿ, ಮತ್ತೆ ಹಿಡಿಯುತ್ತಿದ್ದೆ. ಎರಡನೇ ಸಲದ್ದೇ ಕೆಲವೊಮ್ಮೆ ಜಾಸ್ತಿ ಇರುತ್ತಿತ್ತು. ವಿಯೆಟ್ನಾಮಿನ ಅಮ್ಮಂದಿರು ಮಕ್ಕಳನ್ನು ಹುಟ್ಟಿದಾಗಿನಿಂದಲೇ ಸಿಳ್ಳೆಯ ಸದ್ದಿನೊಂದಿಗೆ ಹೀಗೆ ಮಾಡಿಸುತ್ತಾರೆ. ಆ ಮಕ್ಕಳನ್ನು ಸ್ವೀಡನ್ನಿನ ಮಕ್ಕಳ ಜೊತೆ ಹೋಲಿಸಿ ನೋಡಿದ ಸಂಶೋಧಕರಿಗೆ, ವಿಯೆಟ್ನಾಮಿನ ಮಕ್ಕಳು ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡುವುದನ್ನು ಬೇಗ ಕಲಿಯುವುದು ಕಂಡಿತ್ತು. ನನಗೆ ಈ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಡೈಪರ್ ಉಳಿಯುವುದು, ತಿಕದ ಚರ್ಮ ಕೆಂಪಾಗದಿರುವುದು, ಎಲ್ಲ ಒಳ್ಳೆಯದೇ. ಮಗು ಪೂರ್ತಿ ಖಾಲಿ ಮಾಡಿ ಹಗುರಾಗುವುದು ಅದಕ್ಕಿಂತ ದೊಡ್ಡದು.

ಬಟ್ಟೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೇಗ ಬಿಚ್ಚಲು ಬರಬೇಕು, ಅಷ್ಟೇ. ಉದ್ದ ಗುಂಡಿಸಾಲಿನ ಒಂದೇ ತುಂಡಿನ ಉಡುಪು ಬೇಡ. ಮೇಲೆ ಗಿಡ್ಡ ಅಂಗಿ, ಕೆಳಗೆ ಸೊಂಟದ ದಾರಕ್ಕೆ ಸಿಕ್ಕಿಸಿದ ಮಡಿಚಿದ ಹತ್ತಿ ಬಟ್ಟೆ, ಚಳಿಯಿದ್ದರೆ ಮಂಡಿಯ ಮೇಲಿನ ತನಕ ಬರುವ ಕಾಲುಚೀಲ. ಮಲಗುವ ಕಡೆ ರಬ್ಬರ್ ಶೀಟಿನ ಮೇಲೊಂದು ದಪ್ಪ ಬಟ್ಟೆ. ಹೊರಗೆ ಹೋಗುವಾಗ ನಾನು ಡೈಪರ್ ಹಾಕುತ್ತೇನೆ. ಹಾಕಿದ್ದರೂ ಹೋದ ಕಡೆ ಒಮ್ಮೆ ಬಿಚ್ಚಿ ಹಿಡಿಯುತ್ತೇನೆ. ಡೈಪರ್ ಹಾಕಿದರೆ ಕಲಿತದ್ದೆಲ್ಲ ಹಾಳಾಗುತ್ತದೆ ಎಂದು ಹೆದರಬೇಕಿಲ್ಲ.

ರಾತ್ರಿ ನಮ್ಮ ಮನೆಯಲ್ಲಿ ನನ್ನ ಗಂಡನ ಪಾಳಿ ಇರುತ್ತಿತ್ತು. ಮಗು ಹಾಲಿಗೆ ಎದ್ದಾಗ ಮೊದಲು ಅವರು ಹಿಡಿಯುತ್ತಿದ್ದರು, ಆಮೇಲೆ ನಾನು ಹಾಲು ಕೊಡುತ್ತಿದ್ದೆ. ದೀಪ ಹಾಕದೆ, ಮಾತಾಡದೆ, ಹಾಸಿಗೆಯ ಪಕ್ಕದ ಬೋಗುಣಿಯಲ್ಲೇ. ಹೊಯ್ದ ಮೇಲೆ ಮಗು ಬೇಗ ನಿದ್ದೆಗೆ ಜಾರುತ್ತಿತ್ತು. ರಾತ್ರಿ ಆಗುವುದಿಲ್ಲ ಎನ್ನುವವರು ರಾತ್ರಿ ಬಿಟ್ಟುಬಿಡಿ. ನಿದ್ದೆಗೆಟ್ಟ ಅಮ್ಮನಿಗಿಂತ ಒದ್ದೆ ಡೈಪರ್ ಮೇಲು.

ಈಗ ಒತ್ತಾಯದ ಮಾತು. ಎತ್ತಿ ಹಿಡಿದಾಗ ಮಗು ಬೆನ್ನನ್ನು ಬಿಲ್ಲಾಗಿಸಿ, ಕಾಲು ನೆಟ್ಟಗೆ ಮಾಡಿಕೊಂಡರೆ ಅದರ ಅರ್ಥ ಬೇಡ ಎಂದು. ಕೂಡಲೇ ಇಳಿಸಬೇಕು. ಮುಂದಿನ ಗಳಿಗೆಯಲ್ಲೇ ನೆಲದ ಮೇಲೆ ಹೊಯ್ದರೂ ಗದರಬಾರದು, ಮುಖ ಗಂಟಿಕ್ಕಲೂ ಬಾರದು. ಹೆದರಿಸಿದರೆ ಮಗು ಕಕ್ಕ ತಡೆಹಿಡಿಯುವುದನ್ನು ಕಲಿಯುತ್ತದೆ. ತಡೆದದ್ದು ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ನೋಯಿಸುತ್ತದೆ, ನೋವಿಗೆ ಹೆದರಿ ಮತ್ತೆ ತಡೆಯುತ್ತದೆ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೆಜಲ್ಟನ್ 1962ರಲ್ಲಿ, ಮಗು ತಾನೇ ಸಿದ್ಧವಾಗುವ ತನಕ ಕಾಯಿರಿ, ಒತ್ತಾಯ ಬೇಡ ಎಂದು ಬರೆದರು. ಬಳಸಿ ಬಿಸಾಡುವ ಪ್ಯಾಂಪರ್ಸ್ ಡೈಪರ್ ಅಲ್ಲಿನ ಮಾರುಕಟ್ಟೆಗೆ ಬಂದದ್ದು ಅದರ ಹಿಂದಿನ ವರ್ಷ, 1961ರಲ್ಲಿ. ಒತ್ತಾಯದ ಬಗ್ಗೆ ಬ್ರೆಜಲ್ಟನ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಒತ್ತಾಯ ಬೇಡ ಎನ್ನುವುದು ಬೇರೆ, ಎರಡು ವರ್ಷ ಮಗುವಿನ ಮಾತಿಗೆ ಕಿವಿಗೊಡದೆ ಇರುವುದು ಬೇರೆ. 1977ರಲ್ಲಿ ಪೂರ್ವ ಆಫ್ರಿಕಾದ ಡಿಗೋ ಜನರ ನಡುವೆ ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಅಲ್ಲಿ ಅಮ್ಮಂದಿರು ಮೊದಲ ವಾರಗಳಿಂದಲೇ ಮಗುವನ್ನು ಹಿಡಿದು, ಸದ್ದು ಮಾಡಿ ಮಾಡಿಸುತ್ತಾರೆ. ಐದಾರು ತಿಂಗಳಿಗೆ ಮಕ್ಕಳು ಹಗಲೂ ರಾತ್ರಿಯೂ ಬಹುಮಟ್ಟಿಗೆ ಒದ್ದೆ ಮಾಡಿಕೊಳ್ಳುವುದಿಲ್ಲ. ಆದರೆ ಅಲ್ಲಿ ಮಗು ದಿನವಿಡೀ ಅಮ್ಮನ ಮೈಗೆ ಅಂಟಿಕೊಂಡೇ ಇರುತ್ತದೆ. ನಮ್ಮೆಲ್ಲರ ದಿನಚರಿ ಹಾಗಿಲ್ಲ. ಆ ತಿಂಗಳುಗಳನ್ನು ನಮ್ಮ ಮಕ್ಕಳ ಮೇಲೆ ಗುರಿಯಾಗಿ ಹೇರಬಾರದು.

ನನ್ನ ಮಗ ಐದು ತಿಂಗಳಿಗೇನೂ ಒದ್ದೆ ಮಾಡುವುದನ್ನು ಬಿಟ್ಟಿರಲಿಲ್ಲ. ಕಕ್ಕ ಬೇಗ ಹಿಡಿತಕ್ಕೆ ಬಂತು, ಉಚ್ಚೆ ನಿಧಾನ. ಹಲ್ಲು ಬರುವಾಗ, ಜ್ವರ ಬಂದಾಗ, ಅಂಬೆಗಾಲು ಶುರುವಾದಾಗ ಎಲ್ಲ ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ತಾನೇ ಮರಳುತ್ತಿತ್ತು. ನಡೆಯಲು ಕಲಿತ ಮೇಲೆ ಚಡ್ಡಿ ಹಿಡಿದುಕೊಂಡು ತಾನೇ ಬಂದು ನಿಲ್ಲುತ್ತಿದ್ದ. ಬೇಕೆಂದಾಗ ತಡೆದು ಹಿಡಿದು, ತಾನೇ ಹೋಗಿ ಬರುವುದು ಬಂದದ್ದು ಎರಡು ವರ್ಷದ ಆಸುಪಾಸಿನಲ್ಲಿ. ದಿನವೂ ಧಾರೆ ನೋಡುವುದರಿಂದ ಇನ್ನೊಂದು ಅನುಕೂಲ ಇದೆ, ಏನಾದರೂ ಬದಲಾದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಹೊಯ್ಯುವಾಗ ಅಳು, ಹನಿಹನಿಯಾಗಿ ಬರುವುದು, ಕೆಟ್ಟ ವಾಸನೆ, ಕಾರಣವಿಲ್ಲದ ಜ್ವರ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಮಗಳು ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ನಿಲ್ಲುವ ಖುಷಿಯಲ್ಲಿ ಅವಳಿಗೆ ಕೂರುವುದೇ ಬೇಡವಾಗಿದೆ, ಎತ್ತಿದ ಕೂಡಲೇ ಮೈ ಬಿಲ್ಲು. ಸದ್ಯ ಬೆಳಗ್ಗೆ ಎದ್ದಾಗ ಮತ್ತು ಕಕ್ಕ ಬಂದ ಹಾಗಿದ್ದಾಗ ಮಾತ್ರ ಹಿಡಿಯುತ್ತಿದ್ದೇನೆ, ಉಳಿದದ್ದಕ್ಕೆಲ್ಲ ಲಂಗೋಟಿ. ಮಕ್ಕಳು ಕೂತು ಮಾಡುವ ಪಾಟಿಯನ್ನು ಅವಳು ನಿಲ್ಲುವ ಗೋಡೆಯ ಪಕ್ಕದಲ್ಲೇ ಇಟ್ಟಿದ್ದೇನೆ. ನಿಂತುಕೊಂಡೇ ಮಾಡುತ್ತೇನೆ ಎಂದರೆ ಅದಕ್ಕೂ ಬಚ್ಚಲಿದೆ, ನಾನು ಹಿಂದಿನಿಂದ ಸೊಂಟ ಹಿಡಿದಿರುತ್ತೇನೆ.