ಓರೆ ಗೆರೆ ಅಳೆದು ನೀರಿನ ದಾರಿ ಹುಡುಕಿದ್ದು

ಮರಳುಗಲ್ಲಿನ ಬಂಡೆಯನ್ನು ಬದಿಯಿಂದ ನೋಡಿದರೆ ಪದರಗಳ ಒಳಗೆ ಓರೆ ಗೆರೆಗಳು ಕಾಣುತ್ತವೆ. ಹರಿಯುವ ನೀರು ಮರಳನ್ನು ದಿಬ್ಬದ ಬೆನ್ನೇರಿಸಿ ಆಚೆಗೆ ಸುರಿದ ಗುರುತು ಅವು. ಗೆರೆ ಇಳಿಯುವ ಕಡೆಗೇ ನೀರು ಹರಿದಿತ್ತು. ಇಷ್ಟು ತಿಳಿದುಕೊಂಡು ಕಂಪಾಸ್ ಹಿಡಿದು ಹೊರಟೆ. ಸುಲಭ ಅನ್ನಿಸಿತ್ತು.

ಮೊದಲ ವಾರದ ಅಳತೆ ಪೂರ್ತಿ ದಂಡ. ಬಂಡೆಯ ಒಂದೇ ಮುಖ ನೋಡಿ ದಿಕ್ಕು ಬರೆದಿದ್ದೆ. ಬಂಡೆ ಸೀಳಿದ ಕೋನಕ್ಕೆ ತಕ್ಕಂತೆ ಗೆರೆಯ ಇಳಿಜಾರೂ ಬೇರೆ ಕಾಣುತ್ತದೆ, ಅಲ್ವಾ? ಎರಡು ಮುಖ ಕೂಡುವ ಮೂಲೆ ಹುಡುಕಬೇಕಿತ್ತು. ಜೊತೆಗೆ ಇಡೀ ಪದರವೇ ಆಮೇಲೆ ವಾಲಿತ್ತು. ಅದನ್ನು ಲೆಕ್ಕದಲ್ಲಿ ಮತ್ತೆ ಮಟ್ಟಸ ಮಾಡದೆ ದಿಕ್ಕು ಸಿಗುವುದಿಲ್ಲ. ಇವೆರಡನ್ನೂ ಸರಿಪಡಿಸಿ, ಒಂದೊಂದು ಜಾಗದಲ್ಲೂ ಇಪ್ಪತ್ತೈದು ಅಳತೆ ತೆಗೆದ ಮೇಲೆ, ನೀರಿನ ದಿಕ್ಕು ತೋರಿಸಲು ನಕ್ಷೆಯಲ್ಲಿ ಹಾಕಿದ ಬಾಣಗಳು ಒಂದೇ ಕಡೆ ತಿರುಗಿದವು.

ಆಮೇಲೆ ಪದರಗಳ ದಪ್ಪ ಅಳೆದೆ. ಮರಳಿನ ಕಣ 2 ಮಿ.ಮೀ.ನಿಂದ 0.06 ಮಿ.ಮೀ.ವರೆಗೆ ಇರುತ್ತದೆ. ಶೇಲ್‌ ಅನ್ನುವ ತೆಳು ಪದರಗಳ ಕಲ್ಲು ಆಗುವ ಕೆಸರು ಅದಕ್ಕಿಂತ ನುಣುಪು, ಹೆಚ್ಚಾಗಿ ನಿಧಾನವಾದ ಅಥವಾ ನಿಂತ ನೀರಿನಲ್ಲಿ ತಳ ಸೇರುತ್ತದೆ. ಬಾಣ ಹೋದ ಕಡೆಗೆ ಮರಳುಗಲ್ಲು ತೆಳುವಾಗಿ ಶೇಲ್ ಜಾಸ್ತಿಯಾಯಿತು. ಕೆಸರು ಮರಳಿಗಿಂತ ಎಷ್ಟೋ ಹೆಚ್ಚು ಅಮುಕಿಕೊಳ್ಳುತ್ತದೆ. ಹಾಗಾಗಿ ಇವತ್ತಿನ ದಪ್ಪವನ್ನು ಹಾಗೇ ನಂಬುವಂತಿಲ್ಲ.

ದೊಡ್ಡ ತಪ್ಪು ಆಗಿದ್ದು ನಕ್ಷೆಯಲ್ಲಿ. ಎಲ್ಲ ಜಾಗದ ಮರಳುಗಲ್ಲನ್ನೂ ಒಂದೇ ಗೆರೆಯಲ್ಲಿ ಜೋಡಿಸಿದ್ದೆ. "ಇದೆಲ್ಲ ಒಂದೇ ಕಾಲದ್ದು ಅಂತ ಯಾರು ಹೇಳಿದ್ರು?" ಅಂದರು ಹಿರಿಯರೊಬ್ಬರು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಉದಾಹರಣೆ ಕೊಟ್ಟರು. ಸುಮಾರು ಐವತ್ತು ಕೋಟಿ ವರ್ಷ ಹಿಂದಿನ ಕೇಂಬ್ರಿಯನ್ ಕಾಲದಲ್ಲಿ ಅಲ್ಲಿ ಸಮುದ್ರ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗಿತು. ದಡ ಹಿಂದೆ ಸರಿದಂತೆ ದಡದ ಮರಳೂ ಸರಿಯಿತು. ಹಾಗಾಗಿ ಅಲ್ಲಿನ ಟೇಪೀಟ್ಸ್ ಅನ್ನುವ ಮರಳುಗಲ್ಲು ಒಂದೇ ಹಾಸಿನಂತೆ ಕಂಡರೂ ಪೂರ್ವಕ್ಕೆ ಹೋದಷ್ಟೂ ವಯಸ್ಸು ಕಡಿಮೆ. ಭೂವಿಜ್ಞಾನಿ ಎಡ್ವಿನ್ ಮೆಕೀ 1945ರಲ್ಲೇ ಇದನ್ನು ವಿವರವಾಗಿ ತೋರಿಸಿದ್ದರು.

ಒಂದೇ ಕಾಲದ ಗುರುತು ಬೇಕಿತ್ತು. ಜ್ವಾಲಾಮುಖಿಯ ಬೂದಿಯ ಒಂದು ಬೆರಳು ದಪ್ಪದ ಪದರ ಶೇಲ್‌ನಲ್ಲಿ ಸಿಕ್ಕಿತು. ಬೂದಿ ಎಲ್ಲ ಕಡೆ ಹೆಚ್ಚೂಕಮ್ಮಿ ಒಟ್ಟಿಗೇ ಬೀಳುತ್ತದೆ. ಆದರೆ ದಡದ ಮರಳಿನಲ್ಲಿ ಉಳಿಯುವುದು ಅಪರೂಪ, ಅಲೆ ಕಲಕಿಬಿಡುತ್ತದೆ. ಕೊನೆಗೆ ದಡದ ಕಡೆಯ ಎರಡು ಜಾಗಗಳಲ್ಲಿ, ಮರಳುಗಲ್ಲಿನ ನಡುವೆ ಸಿಕ್ಕಿಕೊಂಡ ತೆಳ್ಳನೆ ಶೇಲ್ ಪಟ್ಟಿಯಲ್ಲಿ ಅದೇ ಬೂದಿ ಕಂಡಿತು. ಸಮುದ್ರದ ಕಡೆ ಅದು ಮರಳುಗಲ್ಲಿಗಿಂತ ಎಷ್ಟೋ ಮೇಲಿತ್ತು. ನಕ್ಷೆಯ ಗೆರೆಗಳನ್ನೆಲ್ಲ ಅಳಿಸಿ, ಬೂದಿ ಹಿಡಿದು ಓರೆಯಾಗಿ ಮತ್ತೆ ಎಳೆದೆ.